ಬ್ಯಾಲೆ ಕಥೆಗಳನ್ನು ಮಕ್ಕಳ ಜೊತೆ ಓದುವುದು ಹೇಗೆ? ಚಿತ್ರಪುಸ್ತಕದಿಂದ ಕಾದಂಬರಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ನನ್ನ ಅಕ್ಕನ ಮಗಳಿಗೆ ಏಳು ತುಂಬಿದಾಗ ಒಂದು ಬ್ಯಾಲೆ ಕಥೆಪುಸ್ತಕ ತರಿಸಿಕೊಟ್ಟಿದ್ದೆ. ಗುಲಾಬಿ ಬಣ್ಣದ ರಟ್ಟು, ಅದರ ಮೇಲೆ ಮಿನುಗು ಪುಡಿ. ಕಥೆಯಲ್ಲಿ ಒಬ್ಬ ಹುಡುಗಿಗೆ ಮಾಯದ ಶೂ ಸಿಗುತ್ತದೆ. ಹಾಕಿಕೊಂಡ ಮರುದಿನವೇ ದೊಡ್ಡ ರಂಗಮಂದಿರದಲ್ಲಿ ಕುಣಿಯುತ್ತಾಳೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಹುಡುಗಿ ಆಗಲೇ ಎರಡು ವರ್ಷದಿಂದ ಭರತನಾಟ್ಯದ ಕ್ಲಾಸಿಗೆ ಹೋಗುತ್ತಿದ್ದಳು. ಪುಸ್ತಕ ಮುಚ್ಚಿ ಕೇಳಿದಳು: "ಚಿಕ್ಕಮ್ಮ, ಇವಳು ಕಲಿತದ್ದು ಯಾವಾಗ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದಿನಿಂದ ಆ ಪ್ರಶ್ನೆಯೇ ನನಗೆ ಒರೆಗಲ್ಲು. ಒಳ್ಳೆಯ ಬ್ಯಾಲೆ ಕಥೆಗಳು ಶೂ, ಕಿರೀಟಗಳ ಕಥೆಗಳಲ್ಲ. ಅವು ದುಡಿಮೆಯ ಕಥೆಗಳು. ದಿನಾ ಮಾಡಿದ್ದನ್ನೇ ಮತ್ತೆ ಮಾಡುವುದು, ಫೀಸಿಗೆ ದುಡ್ಡು ಹೊಂದಿಸುವುದು, ಆಯ್ಕೆ ಆಗದೆ ಮನೆಗೆ ಬರುವುದು. ಇವೆಲ್ಲ ಇರುವ ಪುಸ್ತಕಗಳನ್ನು ಹುಡುಕಿ, ಮಕ್ಕಳ ಜೊತೆ ಕೂತು ಓದುವುದು ಹೇಗೆ ಅನ್ನುವುದನ್ನು ನಾವು ಮಾಡಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೇ ಒಂದು ಮಾತು. ನಮ್ಮಲ್ಲಿ ನೃತ್ಯರೂಪಕಕ್ಕೂ ಬ್ಯಾಲೆ ಅನ್ನುತ್ತಾರೆ. ನಾನು ಹೇಳುತ್ತಿರುವುದು ಯುರೋಪಿನ ಬ್ಯಾಲೆಯ ಬಗ್ಗೆ. ಅದು ಇಟಲಿಯ ಅರಮನೆಗಳಲ್ಲಿ ಹುಟ್ಟಿತು, ಫ್ರಾನ್ಸಿನಲ್ಲಿ ಶಾಸ್ತ್ರವಾಯಿತು, ರಷ್ಯಾದಲ್ಲಿ ದೊಡ್ಡದಾಗಿ ಬೆಳೆಯಿತು. ಮಗುವಿಗೂ ಇಷ್ಟು ಹೇಳಿಬಿಡಿ, ಆಮೇಲೆ ಗೊಂದಲ ಇರುವುದಿಲ್ಲ.

ಹಂತ 1: ರಟ್ಟು ನೋಡಬೇಡಿ, ಮಧ್ಯದ ಹತ್ತು ಪುಟ ನೋಡಿ

ಪುಸ್ತಕ ಕೊಳ್ಳುವ ಮುಂಚೆ, ಅಥವಾ ಲೈಬ್ರರಿಯಲ್ಲಿ ನಿಂತುಕೊಂಡೇ, ನಡುವಿನ ಹತ್ತು ಪುಟ ಓದಿ. ಅಲ್ಲಿ ಒಂದು ಕ್ಲಾಸ್ ನಡೆಯುತ್ತಿದೆಯಾ? ಯಾರಿಗಾದರೂ ಕಾಲು ನೋಯುತ್ತಿದೆಯಾ? ಯಾರಾದರೂ ದುಡ್ಡು ಎಣಿಸುತ್ತಿದ್ದಾರಾ? ತಪ್ಪು ಮಾಡಿದವರನ್ನು ಯಾರಾದರೂ ತಿದ್ದುತ್ತಿದ್ದಾರಾ? ಇವುಗಳಲ್ಲಿ ಒಂದಿದ್ದರೂ ಪುಸ್ತಕ ತೆಗೆದುಕೊಳ್ಳಿ. ಬರೀ ಉಡುಪು, ಬಹುಮಾನ, ಚಪ್ಪಾಳೆ ಇದ್ದರೆ ಬಿಟ್ಟುಬಿಡಿ. ರಟ್ಟು ಗುಲಾಬಿ ಆಗಿದ್ದರೆ ತಪ್ಪೇನಿಲ್ಲ. ಒಳ್ಳೆಯ ಪುಸ್ತಕಗಳಿಗೂ ಪ್ರಕಾಶಕರು ಅದೇ ಬಣ್ಣ ಬಳಿಯುತ್ತಾರೆ.

ಹಂತ 2: ವೇದಿಕೆಯ ಕಥೆಯಿಂದ ಶುರು ಮಾಡಿ

ಬ್ಯಾಲೆಯನ್ನೇ ನೋಡದ ಮಗುವಿಗೆ ಬ್ಯಾಲೆ ಶಾಲೆಯ ಕಾದಂಬರಿ ಓದಿದರೆ ಅರ್ಧ ತಲೆಗೆ ಹೋಗುವುದಿಲ್ಲ. ಹಾಗಾಗಿ ಮೊದಲು ಒಂದು ಬ್ಯಾಲೆಯ ಕಥೆ ಹೇಳಿ. ನನ್ನ ಆಯ್ಕೆ 'ನಟ್‌ಕ್ರ್ಯಾಕರ್'. ಯಾಕೆಂದರೆ ಅದು ಪುಸ್ತಕದಿಂದಲೇ ಬ್ಯಾಲೆ ಆದದ್ದು. ಜರ್ಮನಿಯ ಇ.ಟಿ.ಎ. ಹಾಫ್‌ಮನ್ 1816ರಲ್ಲಿ ಕಥೆ ಬರೆದ. 1844ರಲ್ಲಿ ಫ್ರಾನ್ಸಿನ ಅಲೆಕ್ಸಾಂಡರ್ ಡ್ಯೂಮಾ ಅದನ್ನು ತನ್ನದೇ ರೀತಿಯಲ್ಲಿ, ಸ್ವಲ್ಪ ಸಿಹಿಯಾಗಿ ಹೇಳಿದ. ಆ ಸಿಹಿ ರೂಪವೇ 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮಾರಿನ್ಸ್ಕಿ ರಂಗಮಂದಿರದಲ್ಲಿ ರಷ್ಯಾದ ಸಂಗೀತಗಾರ ಚೈಕೋವ್‌ಸ್ಕಿಯ ಸಂಗೀತದ ಜೊತೆ ಬ್ಯಾಲೆ ಆಯಿತು.

ನಟ್‌ಕ್ರ್ಯಾಕರ್ ಅಂದರೆ ಏನು ಅಂತ ಹೇಳುವುದು ನಮಗೆ ಸುಲಭ. ಅಜ್ಜಿಯ ಎಲೆಯಡಿಕೆ ತಟ್ಟೆಯಲ್ಲಿರುವ ಅಡಕತ್ತರಿ ತೋರಿಸಿದರೆ ಸಾಕು. ಹಳೆಯ ಅಡಕತ್ತರಿಗಳಲ್ಲಿ ನವಿಲು, ಕುದುರೆಯ ಆಕಾರ ಇರುತ್ತದಲ್ವಾ? ಹಾಗೆಯೇ ಅಲ್ಲಿ ಮರದ ಸಿಪಾಯಿ ಬೊಂಬೆ. ಗಟ್ಟಿ ಕಾಯಿಯನ್ನು ಅದರ ಬಾಯಿಗಿಟ್ಟು ಒಡೆಯುತ್ತಾರೆ. ಅಣ್ಣ ಫ್ರಿಟ್ಸ್ ತುಂಬಾ ದೊಡ್ಡ ಕಾಯಿ ತುರುಕಿ ಅದರ ಹಲ್ಲು ಮುರಿಯುತ್ತಾನೆ. ತಂಗಿ ಮಾರಿ ಅದಕ್ಕೆ ಪಟ್ಟಿ ಕಟ್ಟುತ್ತಾಳೆ. ರಾತ್ರಿ ಏಳು ತಲೆಯ ಇಲಿರಾಜ ದಂಡು ಕಟ್ಟಿಕೊಂಡು ಬಂದಾಗ, ತನ್ನ ಚಪ್ಪಲಿ ತೆಗೆದು ಅವನತ್ತ ಬೀಸುತ್ತಾಳೆ. ಬೆಳಿಗ್ಗೆ ಹೇಳಿದರೆ ದೊಡ್ಡವರು ಯಾರೂ ನಂಬುವುದಿಲ್ಲ. ಬ್ಯಾಲೆಯಲ್ಲಿ ಈ ಹುಡುಗಿಯನ್ನು ಹೆಚ್ಚಾಗಿ ಕ್ಲಾರಾ ಅನ್ನುತ್ತಾರೆ. ಹಾಫ್‌ಮನ್‌ನ ಕಥೆಯಲ್ಲಿ ಕ್ಲಾರಾ ಅಂದರೆ ಮಾರಿಯ ಬೊಂಬೆಯ ಹೆಸರು. ಮಕ್ಕಳು ಇಂಥ ವ್ಯತ್ಯಾಸವನ್ನು ಬೇಗ ಹಿಡಿಯುತ್ತಾರೆ, ಹಿಡಿದು ಖುಷಿ ಪಡುತ್ತಾರೆ.

ಕಥೆ ಹೇಳಿ ಆದ ಮೇಲೆ ಸಂಗೀತ ಕೇಳಿಸಿ. 'ಶುಗರ್ ಪ್ಲಮ್ ಫೇರಿ'ಯ ನೃತ್ಯದಲ್ಲಿ ಗಾಜಿನ ಮಣಿ ಉದುರಿದಂಥ ಒಂದು ಸದ್ದು ಬರುತ್ತದೆ. ಆ ವಾದ್ಯ ಸೆಲೆಸ್ಟಾ. ಚೈಕೋವ್‌ಸ್ಕಿ ಅದನ್ನು ಪ್ಯಾರಿಸ್‌ನಲ್ಲಿ ನೋಡಿ ಮರುಳಾದ. ಬೇರೆ ಸಂಗೀತಗಾರರು ತನಗಿಂತ ಮುಂಚೆ ಬಳಸಿಬಿಟ್ಟಾರು ಅಂತ ಗುಟ್ಟಾಗಿ ತರಿಸಿಕೊಂಡ. ಕಣ್ಣು ಮುಚ್ಚಿ ಕೇಳಿ, ಸೆಲೆಸ್ಟಾ ಬಂದಾಗ ಕೈ ಎತ್ತಲು ಮಗುವಿಗೆ ಹೇಳಿ. ವಿಡಿಯೋ ತೋರಿಸುವುದು ಇಷ್ಟೆಲ್ಲ ಆದ ಮೇಲೆ. ಮೊದಲೇ ತೋರಿಸಿದರೆ ಮಗುವಿನ ತಲೆಯೊಳಗೆ ಮೂಡಬೇಕಾದ ಇಲಿರಾಜ ಮೂಡುವುದೇ ಇಲ್ಲ.

ಹಂತ 3: ಕುರ್ಚಿ ಹಿಡಿದು ಓದಿ

ಇದು ನನಗೆ ತುಂಬಾ ಇಷ್ಟವಾದ ಹಂತ. ಬ್ಯಾಲೆ ಪುಸ್ತಕಗಳಲ್ಲಿ ಫ್ರೆಂಚ್ ಪದಗಳು ಜಾಸ್ತಿ. ಅರ್ಥ ಹೇಳಿದರೆ ಮಗು ಮರೆಯುತ್ತದೆ, ಮಾಡಿಸಿದರೆ ಮರೆಯುವುದಿಲ್ಲ. ಒಂದು ಗಟ್ಟಿ ಕುರ್ಚಿ ಸಾಕು. ಅದರ ಬೆನ್ನು ಹಿಡಿದು ನಿಲ್ಲಿಸಿ. ಬ್ಯಾಲೆ ಶಾಲೆಯಲ್ಲಿ ಗೋಡೆಗೆ ಹಾಕಿದ ಅಡ್ಡಕಂಬಿ ಇರುತ್ತದೆ. ಅದಕ್ಕೆ 'ಬಾರ್' ಅನ್ನುತ್ತಾರೆ. ಪ್ರತಿದಿನದ ಕ್ಲಾಸ್ ಶುರುವಾಗುವುದೇ ಅಲ್ಲಿ, ಹೊಸಬರಿಗೂ, ಹೆಸರಾಂತ ಕಲಾವಿದರಿಗೂ.

ಪ್ಲಿಯೇ ಅಂದರೆ ಮಡಚಿದ್ದು. ಹಿಮ್ಮಡಿ ಜೋಡಿಸಿ, ಪಾದ ಹೊರಕ್ಕೆ ತಿರುಗಿಸಿ, ಮಂಡಿ ಮಡಚಬೇಕು. ನಮ್ಮ ಹುಡುಗಿ ಮೊದಲ ಸಲ ಮಾಡಿದಾಗ "ಇದು ಅರೆಮಂಡಿ" ಅಂದಳು. ಹೌದು, ನೋಡಲು ಹಾಗೇ ಇದೆ. ಆದರೆ ಅರೆಮಂಡಿಯಲ್ಲಿ ನಾವು ಕೂತೇ ಇರುತ್ತೇವೆ, ನೆಲದ ಹತ್ತಿರ ಇದ್ದುಕೊಂಡೇ ಅಡವು, ಅಂದರೆ ಹೆಜ್ಜೆಗಳನ್ನು, ಮಾಡುತ್ತೇವೆ. ಪ್ಲಿಯೇಯಲ್ಲಿ ಕೆಳಗೆ ಹೋಗುವುದು ಮೇಲೇಳುವುದಕ್ಕೆ. ಸ್ಪ್ರಿಂಗ್ ಒತ್ತಿದ ಹಾಗೆ. ಈ ಒಂದು ವ್ಯತ್ಯಾಸ ಮೈಗೆ ಗೊತ್ತಾದರೆ ಎರಡೂ ನೃತ್ಯಗಳ ಸ್ವಭಾವವೇ ಗೊತ್ತಾದ ಹಾಗೆ.

ಇನ್ನು ಕೆಲವು ಪದ: ತಾಂದ್ಯು ಅಂದರೆ ಚಾಚಿದ್ದು. ರೆಲ್ವೇ ಅಂದರೆ ಎತ್ತಿದ್ದು. ಜೆತೇ ಅಂದರೆ ಎಸೆದದ್ದು, ಅಂದರೆ ಕಾಲನ್ನು ಎಸೆದು ಹಾರುವುದು. ಫ್ರಾಪೇ ಅಂದರೆ ಹೊಡೆದದ್ದು. "ತಟ್ಟಡವಿನ ತಟ್ಟು ಇದ್ದ ಹಾಗೆ" ಅಂದರೆ ಭರತನಾಟ್ಯ ಕಲಿತ ಮಗುವಿಗೆ ತಕ್ಷಣ ಹೊಳೆಯುತ್ತದೆ. ಪಾ ದ ಶಾ ಅಂದರೆ ಬೆಕ್ಕಿನ ಹೆಜ್ಜೆ. ಇದನ್ನು ಮಾಡಿಸಿದರೆ ಓದು ಅರ್ಧ ಗಂಟೆ ನಿಂತುಹೋಗುತ್ತದೆ, ನಿಲ್ಲಲಿ ಬಿಡಿ.

ಒಂದು ಎಚ್ಚರ. ಕಾಲ್ಬೆರಳ ತುದಿಯ ಮೇಲೆ ನಿಲ್ಲುವುದನ್ನು ಮನೆಯಲ್ಲಿ ಮಾಡಿಸಲೇಬೇಡಿ. ಅದಕ್ಕೆ ಕೆಲವು ವರ್ಷಗಳ ಕಲಿಕೆ, ಗಟ್ಟಿಯಾದ ಹರಡು, ಗುರುವಿನ ಒಪ್ಪಿಗೆ ಬೇಕು. ಸಾಮಾನ್ಯವಾಗಿ ಹನ್ನೊಂದು, ಹನ್ನೆರಡು ವರ್ಷಕ್ಕೆ ಮುಂಚೆ ಶುರು ಮಾಡಿಸುವುದಿಲ್ಲ. ಬದಲಿಗೆ ಆ ಶೂ ಹೇಗಿರುತ್ತದೆ ಅಂತ ಹೇಳಿ. ಮುಂದಿನ ಗಟ್ಟಿ ಭಾಗ ಮರದ್ದಲ್ಲ. ಬಟ್ಟೆ, ಕಾಗದ ಪದರಪದರವಾಗಿ ಇಟ್ಟು ಅಂಟು ಹಾಕಿ ಮಾಡಿದ್ದು. ರಿಬ್ಬನ್ನನ್ನು ಕಲಾವಿದರು ತಾವೇ ಹೊಲಿದುಕೊಳ್ಳುತ್ತಾರೆ. ಹೊಸ ಶೂ ಸದ್ದು ಮಾಡಬಾರದು ಅಂತ ನೆಲಕ್ಕೆ, ಗೋಡೆಗೆ ಬಡಿದು ಮೆತ್ತಗೆ ಮಾಡುತ್ತಾರೆ. ದೊಡ್ಡ ಪಾತ್ರ ಮಾಡುವವರಿಗೆ ಒಂದು ಜೊತೆ ಒಂದೇ ಪ್ರದರ್ಶನದಲ್ಲಿ ಸವೆದುಹೋಗುವುದೂ ಉಂಟು. ಮಾಯದ ಶೂಗಿಂತ ಈ ಶೂ ನಮ್ಮ ಹುಡುಗಿಗೆ ಜಾಸ್ತಿ ಹಿಡಿಸಿತು.

ಹಂತ 4: ಚಿತ್ರಪುಸ್ತಕಗಳು, ಮೂರೇ ಸಾಕು

ನಾಲ್ಕರಿಂದ ಆರು ವರ್ಷದವರಿಗೆ ಕ್ಯಾಥರೀನ್ ಹೋಲಬರ್ಡ್ ಬರೆದು ಹೆಲೆನ್ ಕ್ರೇಗ್ ಚಿತ್ರ ಬರೆದ 'ಆಂಜೆಲಿನಾ ಬ್ಯಾಲೆರಿನಾ', 1983ರದ್ದು. ಆಂಜೆಲಿನಾ ಒಂದು ಇಲಿಮರಿ. ಕುಣಿದು ಕುಣಿದು ಮನೆ ರಂಪ ಮಾಡುತ್ತದೆ, ಹೇಳಿದ ಕೆಲಸ ಮಾಡುವುದಿಲ್ಲ. ಕೊನೆಗೆ ಅಪ್ಪ ಅಮ್ಮ ಅದನ್ನು ಕ್ಲಾಸಿಗೆ ಸೇರಿಸುತ್ತಾರೆ. ಚಿತ್ರಗಳನ್ನು ನಿಧಾನವಾಗಿ ನೋಡಿ, ಮೂಲೆಮೂಲೆಯಲ್ಲೂ ಏನೋ ಇರುತ್ತದೆ.

ಸ್ವಲ್ಪ ದೊಡ್ಡವರಿಗೆ ಮಿಸ್ಟಿ ಕೋಪ್‌ಲ್ಯಾಂಡ್ ಬರೆದ 'ಫೈರ್‌ಬರ್ಡ್' (2014). ತನ್ನಿಂದ ಆಗುವುದಿಲ್ಲ ಅಂದುಕೊಂಡ ಪುಟ್ಟ ಹುಡುಗಿಯ ಜೊತೆ ಒಬ್ಬ ನರ್ತಕಿ ಮಾತಾಡುತ್ತಾಳೆ. ಬರೆದವರು ಸ್ವತಃ ಹದಿಮೂರನೇ ವರ್ಷಕ್ಕೆ ಬ್ಯಾಲೆ ಶುರು ಮಾಡಿದವರು. ಬ್ಯಾಲೆ ಲೋಕದಲ್ಲಿ ಅದು ತುಂಬಾ ತಡ. 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್‌ನಲ್ಲಿ ಪ್ರಧಾನ ನರ್ತಕಿಯಾದ ಮೊದಲ ಕಪ್ಪು ಮಹಿಳೆ ಅವರು. ಇದನ್ನು ಓದಿದ ಮೇಲೆ ಹೇಳಿ, ಓದುವ ಮುಂಚೆ ಬೇಡ.

ಮೂರನೆಯದು ಲಾರೆಲ್ ಸ್ನೈಡರ್ ಬರೆದು ಜೂಲಿ ಮಾರ್‌ಸ್ಟಾಡ್ ಚಿತ್ರ ಬರೆದ 'ಸ್ವಾನ್' (2015). ರಷ್ಯಾದ ಹೆಸರಾಂತ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾಳ ಬದುಕಿನ ಕಥೆ. ಬಟ್ಟೆ ಒಗೆಯುವ ಅಮ್ಮ, ಹಿಮದ ರಾತ್ರಿ, ಮೊದಲ ಸಲ ನೋಡಿದ ಬ್ಯಾಲೆ. ಪುಸ್ತಕದ ಕೊನೆಯಲ್ಲಿ ಪಾವ್ಲೋವಾ ತೀರಿಕೊಳ್ಳುತ್ತಾಳೆ. ಮನೆಯಲ್ಲಿ ಈಚೆಗೆ ಸಾವು ಆಗಿದ್ದರೆ ಮುಂಚೆ ನೀವೊಬ್ಬರೇ ಓದಿಕೊಳ್ಳಿ. ಆದರೆ ಮುಚ್ಚಿಡಬೇಡಿ.

ಹಂತ 5: 'ಬ್ಯಾಲೆ ಶೂಸ್'ಗೆ ಒಂದು ತಿಂಗಳು ಕೊಡಿ

ಒಂದೇ ಒಂದು ಕಾದಂಬರಿ ಓದುವುದಾದರೆ ಇದನ್ನು ಓದಿ. ನೋಯೆಲ್ ಸ್ಟ್ರೆಟ್‌ಫೀಲ್ಡ್ 1936ರಲ್ಲಿ ಬರೆದದ್ದು. ಆಕೆ ಬರೆಯುವ ಮುಂಚೆ ಸುಮಾರು ಹತ್ತು ವರ್ಷ ನಾಟಕದಲ್ಲಿ ಪಾತ್ರ ಮಾಡಿದವರು, ಹಾಗಾಗಿ ತೆರೆಯ ಹಿಂದಿನದು ಅವರಿಗೆ ಅಂಗೈ ಮೇಲಿನ ಗೆರೆಯಷ್ಟು ಗೊತ್ತು. ಚಿತ್ರ ಬರೆದ ರೂತ್ ಗೆರ್ವಿಸ್ ಆಕೆಯ ಸ್ವಂತ ಅಕ್ಕ. ಪ್ರಕಾಶಕರು ಇದು ಗೊತ್ತಿಲ್ಲದೆಯೇ ಅವರನ್ನು ಆರಿಸಿದ್ದರಂತೆ. ಎಂಟು ವರ್ಷದಿಂದ ಮೇಲೆ ಓದಿ ಹೇಳಬಹುದು. ರಾತ್ರಿಗೆ ಅರ್ಧ ಅಧ್ಯಾಯ ಸಾಕು.

ಕಥೆ ಲಂಡನ್ನಿನ ಕ್ರಾಮ್‌ವೆಲ್ ರಸ್ತೆಯ ಒಂದು ದೊಡ್ಡ ಮನೆಯದು. ಪಳೆಯುಳಿಕೆ ಸಂಗ್ರಹಿಸುವ ಒಬ್ಬ ಮುದುಕ ಊರೂರು ತಿರುಗುತ್ತಾ ಮೂರು ಅನಾಥ ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಮನೆಗೆ ತರುತ್ತಾನೆ. ಪಾಲಿನ್, ಪೆಟ್ರೋವಾ, ಪೋಸಿ. ಪೋಸಿಯ ಜೊತೆ ಒಂದು ಜೊತೆ ಬ್ಯಾಲೆ ಶೂ ಬರುತ್ತದೆ. ಆಮೇಲೆ ಮುದುಕ ದೇಶಾಂತರ ಹೋದವನು ವರ್ಷಗಟ್ಟಲೆ ಪತ್ತೆ ಇಲ್ಲ. ದುಡ್ಡು ಕರಗುತ್ತದೆ. ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಮಕ್ಕಳನ್ನು ನೃತ್ಯ, ನಾಟಕ ಕಲಿಸುವ ಶಾಲೆಗೆ ಸೇರಿಸುವುದು ಆಸೆಗಲ್ಲ, ಮುಂದೆ ದುಡಿಯಲಿ ಅಂತ.

ಇಂಗ್ಲಿಷ್ ಬಾರದ ಮಗುವಿಗೆ ಪುಸ್ತಕ ಕೈಯಲ್ಲಿ ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋಗಬೇಕು. ಇದಕ್ಕೆ ಸ್ವಲ್ಪ ತಯಾರಿ ಬೇಕು. ಆ ಮುದುಕನನ್ನು ಮಕ್ಕಳು 'ಗಮ್' ಅನ್ನುತ್ತಾರೆ, ಅವನ ಉದ್ದ ಹೆಸರಿನ ಮೊದಲ ಅಕ್ಷರಗಳು ಸೇರಿ ಆದ ಹೆಸರು. ನಾನು 'ಗಮ್ಮಜ್ಜ' ಮಾಡಿಕೊಂಡೆ. ಮನೆಯ ದಾದಿಯ ಹೆಸರು 'ನಾನಾ'. ಹಾಗೇ ಓದಿದರೆ ಹಿಂದಿಯ ತಾತ ನೆನಪಾಗಿ ಮಗು ತಬ್ಬಿಬ್ಬಾಗುತ್ತದೆ. 'ಆಯಾ' ಅಂದರೆ ಸರಿಹೋಗುತ್ತದೆ. ಹುಡುಗಿಯರು ತಮಗೆ ತಾವೇ ಇಟ್ಟುಕೊಂಡ ಮನೆತನದ ಹೆಸರು 'ಫಾಸಿಲ್', ಅಂದರೆ ಪಳೆಯುಳಿಕೆ. ಇದನ್ನು ಕನ್ನಡ ಮಾಡಬೇಡಿ, ಆದರೆ ಅರ್ಥ ಖಂಡಿತ ಹೇಳಿ. ಅಜ್ಜ ಹೆಕ್ಕಿ ತಂದ ಕಲ್ಲುಗಳ ಹಾಗೆ ಇವರೂ ಹೆಕ್ಕಿ ತಂದವರು. ಹುಟ್ಟುಹಬ್ಬ ಬಂದಾಗಲೆಲ್ಲ ಮೂವರೂ ಆಣೆ ಮಾಡುತ್ತಾರೆ: ಈ ಹೆಸರು ಚರಿತ್ರೆಯ ಪುಸ್ತಕದಲ್ಲಿ ಬರುವ ಹಾಗೆ ಮಾಡುತ್ತೇವೆ, ಯಾಕೆಂದರೆ ಇದು ನಮ್ಮದೇ, ಯಾವ ತಾತನಿಂದಲೂ ಬಂದದ್ದಲ್ಲ.

ಮೂರು ಜಾಗದಲ್ಲಿ ನಿಲ್ಲಿಸಿ ಮಾತಾಡಿ.

ಒಂದು, ಪೆಟ್ರೋವಾ. ಅವಳಿಗೆ ನೃತ್ಯ ಇಷ್ಟವೇ ಇಲ್ಲ. ಕಾರು, ವಿಮಾನ ಅಂದರೆ ಪ್ರಾಣ. ಭಾನುವಾರ ಬಾಡಿಗೆಗೆ ಇರುವ ಸಿಂಪ್ಸನ್ ಅವರ ಗ್ಯಾರೇಜಿಗೆ ಓಡುತ್ತಾಳೆ. ಆದರೂ ಮನೆಗೆ ದುಡ್ಡು ಬೇಕು ಅಂತ ವಾರವಿಡೀ ಕುಣಿಯುತ್ತಾಳೆ. ಅಮ್ಮನ ಆಸೆಗೆ ಕ್ಲಾಸಿಗೆ ಹೋಗುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. "ನಿನಗೆ ಪೆಟ್ರೋವಾ ಥರ ಅನ್ನಿಸುವ ವಿಷಯ ಯಾವುದು?" ಅಂತ ಸುಮ್ನೆ ಕೇಳಿ ನೋಡಿ. ಉತ್ತರ ಬಂದರೆ ಕೇಳಿಸಿಕೊಳ್ಳಿ, ಸಮಜಾಯಿಷಿ ಕೊಡಲು ಹೋಗಬೇಡಿ.

ಎರಡು, ಲೈಸೆನ್ಸ್. ಆಗಿನ ಇಂಗ್ಲೆಂಡಿನಲ್ಲಿ ಹನ್ನೆರಡು ತುಂಬಿದ ಮಕ್ಕಳು ಲೈಸೆನ್ಸ್ ಪಡೆದು ವೇದಿಕೆಯಲ್ಲಿ ದುಡಿಯಬಹುದಿತ್ತು. ಮಗುವಿನ ಆರೋಗ್ಯ, ಓದು ಎಲ್ಲ ನೋಡಿ ಕೊಡುತ್ತಿದ್ದರು. ಗಳಿಕೆಯಲ್ಲಿ ಒಂದು ಪಾಲು ಮಗುವಿನ ಹೆಸರಲ್ಲಿ ಉಳಿತಾಯಕ್ಕೆ ಹೋಗಬೇಕು. ಪುಸ್ತಕದಲ್ಲಿ ಈ ಲೆಕ್ಕ ಬಿಡಿಬಿಡಿಯಾಗಿ ಬರುತ್ತದೆ. ಕಾಗದ ಪೆನ್ಸಿಲ್ ತೆಗೆದುಕೊಂಡು ಮಗುವಿನ ಜೊತೆ ಆ ಲೆಕ್ಕ ಹಾಕಿ. ಆಡಿಷನ್‌ಗೆ ಹೋಗಲು ಒಂದು ಫ್ರಾಕ್ ಬೇಕಾದಾಗ ಮೂವರೂ ತಮ್ಮ ಸರಗಳನ್ನು ಒತ್ತೆ ಇಡುತ್ತಾರೆ. ಒತ್ತೆ ಅಂದರೆ ಏನು ಅಂತ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರು, ವಿನಿಫ್ರೆಡ್. ನನ್ನ ಪ್ರಕಾರ ಪುಸ್ತಕದ ಜೀವ ಇಲ್ಲಿದೆ. ಅವಳು ಪಾಲಿನ್‌ಗಿಂತ ಚೆನ್ನಾಗಿ ಕಲಿತವಳು. ಅಪ್ಪನಿಗೆ ಹುಷಾರಿಲ್ಲ, ಮನೆ ತುಂಬ ತಮ್ಮ ತಂಗಿಯರು, ದುಡ್ಡು ಅವಳಿಗೇ ಹೆಚ್ಚು ಬೇಕು. ಆದರೆ ಪಾಲಿನ್ ನೋಡಲು ಚೆಂದ. ಮುಖ್ಯ ಪಾತ್ರ ಪಾಲಿನ್‌ಗೆ ಸಿಗುತ್ತದೆ. ಮುಂದೆ ಪಾಲಿನ್ ಗರ್ವದಿಂದ ನಡೆದುಕೊಂಡಾಗ ಅವಳನ್ನು ಒಂದು ಪ್ರದರ್ಶನದಿಂದ ಹೊರಗಿಟ್ಟು ಆ ಪಾತ್ರವನ್ನು ವಿನಿಫ್ರೆಡ್‌ಗೆ ಕೊಡುತ್ತಾರೆ. ಇಲ್ಲಿ ನಮ್ಮ ಹುಡುಗಿ ಎದ್ದು ಕೂತಳು. ಆ ವರ್ಷ ಅವಳ ಕ್ಲಾಸಿನ ವಾರ್ಷಿಕೋತ್ಸವದಲ್ಲಿ ಅವಳನ್ನು ಹಿಂದಿನ ಸಾಲಿಗೆ ಹಾಕಿದ್ದರು. ಮನೆಯಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ಅವತ್ತು ರಾತ್ರಿ ಹೇಳಿದಳು. ಪುಸ್ತಕ ಮುಚ್ಚಿಟ್ಟು ಹನ್ನೊಂದು ಗಂಟೆಯವರೆಗೆ ಮಾತಾಡಿದೆವು.

ಕೊನೆಯ ಅಧ್ಯಾಯದಲ್ಲಿ ಏನಾಗುತ್ತದೆ ಅಂತ ನಾನು ಇಲ್ಲಿ ಹೇಳುವುದಿಲ್ಲ. ಒಂದು ವಿಷಯ ದೊಡ್ಡವರಿಗೆ: ಇದೇ ಲೇಖಕಿ 1931ರಲ್ಲಿ ಬರೆದ 'ದಿ ವಿಚಾರ್ಟ್ಸ್' ಹೀಗೇ ಮೂವರು ಹುಡುಗಿಯರಿಂದ ಶುರುವಾಗುತ್ತದೆ. ಅದು ದೊಡ್ಡವರ ಕಾದಂಬರಿ. ಮಕ್ಕಳಿಗೆ ತಪ್ಪಿ ತರಿಸಬೇಡಿ.

ಹಂತ 6: ಹುಡುಗರನ್ನು ಬಿಡಬೇಡಿ

"ಇದು ಹುಡುಗಿಯರ ಪುಸ್ತಕ" ಅಂತ ಹುಡುಗ ಎದ್ದು ಹೋದರೆ ಎರಡು ಪುಸ್ತಕ ಇಟ್ಟುಕೊಂಡಿರಿ.

ರೂಮರ್ ಗಾಡೆನ್ ಬರೆದ 'ಥರ್ಸ್‌ಡೇಸ್ ಚಿಲ್ಡ್ರನ್' (1984) ಕಥೆಯಲ್ಲಿ ಡೂನ್ ಅನ್ನುವ ಹುಡುಗ ಇದ್ದಾನೆ. ಅಮ್ಮನ ಕಣ್ಣೆಲ್ಲ ಅಕ್ಕ ಕ್ರಿಸ್ಟಲ್ ಮೇಲೆ. ಇವನನ್ನು ನೋಡಿಕೊಳ್ಳಲು ಯಾರೂ ಇಲ್ಲ ಅಂತ ಅಕ್ಕನ ಕ್ಲಾಸಿಗೆ ಎಳೆದುಕೊಂಡು ಹೋಗುತ್ತಾರೆ. ಮೂಲೆಯಲ್ಲಿ ಕೂತು ನೋಡಿ ನೋಡಿಯೇ ಅವನು ಕಲಿತುಬಿಡುತ್ತಾನೆ. ಹನ್ನೊಂದು ದಾಟಿದವರಿಗೆ ಸರಿ. ಗಾಡೆನ್ ಬೆಳೆದದ್ದು ಈಗ ಬಾಂಗ್ಲಾದೇಶದಲ್ಲಿರುವ ನಾರಾಯಣಗಂಜ್‌ನಲ್ಲಿ. 1920ರ ದಶಕದಲ್ಲಿ ಕೋಲ್ಕತ್ತದಲ್ಲಿ ಆಕೆ ಸ್ವತಃ ನೃತ್ಯಶಾಲೆ ನಡೆಸಿದ್ದರು. ಕ್ಲಾಸಿನ ದೃಶ್ಯಗಳು ಅಷ್ಟು ನಿಜವಾಗಿರುವುದು ಅದಕ್ಕೇ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಬ್ಯಾಲೆ ನರ್ತಕ ಲಿ ಕುನ್‌ಶಿನ್ ಅವರ ಬದುಕಿನ ಕಥೆ. ಚೀನಾದ ಬಡ ಹಳ್ಳಿಯಲ್ಲಿ 1961ರಲ್ಲಿ ಹುಟ್ಟಿದವರು. ಬೀಜಿಂಗ್‌ನಿಂದ ಬಂದವರು ಶಾಲೆಯಲ್ಲಿ ಮಕ್ಕಳನ್ನು ಆರಿಸುವಾಗ ಇವರನ್ನು ಬಿಟ್ಟು ಹೊರಟಿದ್ದರು. ಟೀಚರ್ ಒಬ್ಬರು "ಆ ಹುಡುಗನನ್ನು ನೋಡಿ" ಅಂದದ್ದರಿಂದ ಬದುಕೇ ತಿರುಗಿತು. ಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಮೆಟ್ಟಿಲು ಹಾರಿ ಹಾರಿ ಕಲಿತರು. ದೊಡ್ಡವರಿಗೆ 'ಮಾವೋಸ್ ಲಾಸ್ಟ್ ಡ್ಯಾನ್ಸರ್' (2003), ಚಿಕ್ಕವರಿಗೆ ಅದೇ ಕಥೆ 'ದಿ ಪೆಸೆಂಟ್ ಪ್ರಿನ್ಸ್' (2007) ಅನ್ನುವ ಚಿತ್ರಪುಸ್ತಕ. ಅಪ್ಪ ಮಗನಿಗೆ ಬಾವಿಯೊಳಗಿನ ಕಪ್ಪೆಯ ಕಥೆ ಹೇಳುತ್ತಾನೆ. ನಮ್ಮ ಮಕ್ಕಳಿಗೂ ಗೊತ್ತಿರುವ ಕಪ್ಪೆಯೇ. ಆದರೆ ನಮ್ಮಲ್ಲಿ ಆ ಕಪ್ಪೆಯನ್ನು ಬೈಯಲು ಬಳಸುತ್ತೇವೆ, ಇಲ್ಲಿ ಕಪ್ಪೆಗೆ ಮೇಲಿನ ಲೋಕದ ಹಂಬಲ. ಓದುವಾಗ ಗಂಟಲು ಕಟ್ಟುತ್ತದೆ.

ಹಂತ 7: ಹದಿಹರೆಯದವರಿಗೆ ಕೊಡುವ ಮುಂಚೆ ನೀವು ಓದಿ

ಸೋನಾ ಚರಾಯ್‌ಪೋತ್ರಾ ಮತ್ತು ಡೋನಿಯೆಲ್ ಕ್ಲೇಟನ್ ಬರೆದ 'ಟೈನಿ ಪ್ರಿಟಿ ಥಿಂಗ್ಸ್' (2015) ಥರದ ಪುಸ್ತಕಗಳಲ್ಲಿ ಪೈಪೋಟಿ, ಕಿರುಕುಳ, ಊಟ ಬಿಟ್ಟು ಮೈ ಇಳಿಸುವುದು ಎಲ್ಲ ಇದೆ. ಹದಿನೈದರ ಮೇಲಿನವರಿಗೆ ಸರಿ. ಮನೆಯ ಮಗು ಆಗಲೇ ತೂಕದ ಬಗ್ಗೆ ಕೊರಗುತ್ತಿದ್ದರೆ ಈಗ ಬೇಡ. 'ದಿ ಪೇಂಟೆಡ್ ಗರ್ಲ್ಸ್' (2013) ದೊಡ್ಡವರಿಗೆ. ಫ್ರಾನ್ಸಿನ ಕಲಾವಿದ ದೆಗಾ 1881ರಲ್ಲಿ ಪ್ರದರ್ಶಿಸಿದ 'ಹದಿನಾಲ್ಕರ ಪುಟ್ಟ ನರ್ತಕಿ' ಶಿಲ್ಪಕ್ಕೆ ನಿಂತ ಬಡ ಹುಡುಗಿ ಮತ್ತು ಅವಳ ಅಕ್ಕತಂಗಿಯರ ಕಥೆ. ಪ್ಯಾರಿಸ್ಸಿನ ಬ್ಯಾಲೆ ಹುಡುಗಿಯರನ್ನು ಹಣವಂತ ಗಂಡಸರು ಹೇಗೆ ಬಳಸಿಕೊಳ್ಳುತ್ತಿದ್ದರು ಅನ್ನುವುದು ಅಲ್ಲಿ ಮುಚ್ಚುಮರೆ ಇಲ್ಲದೆ ಬರುತ್ತದೆ.

ಹಂತ 8: ನಮ್ಮ ಕಡೆ ಬಂದ ದಾರಿಯನ್ನೂ ತೋರಿಸಿ

'ಸ್ವಾನ್' ಓದಿದ ಮಗುವಿಗೆ ಪಾವ್ಲೋವಾ ಭಾರತಕ್ಕೆ ಬಂದಿದ್ದಳು ಅಂತ ಹೇಳಿದರೆ ಕಣ್ಣು ಅರಳುತ್ತದೆ. 1923ರಲ್ಲಿ ಲಂಡನ್ನಿನಲ್ಲಿ ಅವಳ ಜೊತೆ ರಾಧಾಕೃಷ್ಣರ ನೃತ್ಯದಲ್ಲಿ ಕೃಷ್ಣನಾದವರು ನಮ್ಮ ನರ್ತಕ ಉದಯ ಶಂಕರ್. ಭರತನಾಟ್ಯದ ದೊಡ್ಡ ಹೆಸರಾದ ರುಕ್ಮಿಣಿದೇವಿ ಅರುಂಡೇಲ್ ಮೊದಲು ಕಲಿತದ್ದು ಬ್ಯಾಲೆ. ನಿನ್ನ ನೆಲದ ನೃತ್ಯದ ಕಡೆ ನೋಡು ಅಂತ ಅವರನ್ನು ತಿರುಗಿಸಿದವಳು ಪಾವ್ಲೋವಾ. ಅವರು ಚೆನ್ನೈನಲ್ಲಿ ಕಲಾಕ್ಷೇತ್ರ ಅನ್ನುವ ನೃತ್ಯಶಾಲೆ ಕಟ್ಟಿದ್ದು 1936ರಲ್ಲಿ, 'ಬ್ಯಾಲೆ ಶೂಸ್' ಅಚ್ಚಾದ ವರ್ಷವೇ. ಇನ್ನು ನಮ್ಮ ಬೆಂಗಳೂರಿನಲ್ಲಿ 1912ರಲ್ಲಿ ಹುಟ್ಟಿದ ನರ್ತಕ ರಾಮ್ ಗೋಪಾಲ್, 1960ರಲ್ಲಿ ಬ್ಯಾಲೆಯ ಮಹಾ ನರ್ತಕಿ ಅಲಿಸಿಯಾ ಮಾರ್ಕೋವಾ ಜೊತೆ ರಾಧಾಕೃಷ್ಣ ಮಾಡಿದರು. ಇಂಥ ಬದುಕುಗಳ ಬಗ್ಗೆ ಕನ್ನಡದಲ್ಲಿ ಮಕ್ಕಳಿಗಾಗಿ ಚಿತ್ರಪುಸ್ತಕ ಬರಬೇಕು ಅನ್ನುವುದು ನನ್ನ ದೊಡ್ಡ ಆಸೆ. ಬರೆಯುವವರು, ಚಿತ್ರ ಬರೆಯುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಕೈಗೆತ್ತಿಕೊಳ್ಳಿ.

ಹಂತ 9: ಒಂದು ಪುಟ ಬರೆಸಿ

ಓದು ಮುಗಿದ ಮೇಲೆ "ಕಥೆಯಿಂದ ಏನು ಕಲಿತೆ?" ಅಂತ ಕೇಳಬೇಡಿ. ಮಗು ಶಾಲೆಯ ಉತ್ತರ ಕೊಡುತ್ತದೆ. ಬದಲಿಗೆ ಒಂದು ಹಾಳೆ ಕೊಡಿ. "ನಿನ್ನ ಕ್ಲಾಸಿನ ಒಂದು ದಿನ ಬರಿ. ಗೆದ್ದ ದಿನ ಬೇಡ, ಮಾಮೂಲಿ ದಿನ" ಅನ್ನಿ. ನೃತ್ಯಕ್ಕೆ ಹೋಗದ ಮಗುವಾದರೆ ಈಜು, ಸಂಗೀತ, ಕ್ರಿಕೆಟ್, ಯಾವುದಾದರೂ ಸರಿ. ಕಾಗುಣಿತ ತಿದ್ದಬೇಡಿ. ಕಣ್ಣಿಗೆ ಬಿದ್ದದ್ದು, ಕಿವಿಗೆ ಬಿದ್ದದ್ದು, ಎಲ್ಲಿ ನೋಯಿತು ಅನ್ನುವುದು, ಇವಿಷ್ಟು ಬರಲಿ.

ನಮ್ಮ ಹುಡುಗಿ ಬರೆದ ಪುಟ ನನ್ನ ಹತ್ತಿರ ಇದೆ. ಹಿಂದಿನ ಸಾಲು, ಎಡದಿಂದ ಮೂರನೆಯವಳು. ಗುರುಗಳು ತಾಳ ತಟ್ಟುವ ಕೋಲು, ತಟ್ಟುಕಳಿಯ ಸದ್ದು ಮುಂದಿನವರಿಗೆ ಮೊದಲು ಕೇಳುತ್ತದೋ ಎಲ್ಲರಿಗೂ ಒಟ್ಟಿಗೇ ಕೇಳುತ್ತದೋ ಅಂತ ಯೋಚಿಸಿದ್ದಾಳೆ. ಮುಂದೆ ನಿಂತವಳ ಜಡೆಯಿಂದ ಕನಕಾಂಬರ ಒಂದೊಂದೇ ಜಾರಿ ಬಿದ್ದದ್ದನ್ನು ಎಣಿಸಿದ್ದಾಳೆ. ಒಟ್ಟು ಏಳು. ಏಳನೆಯ ಹೂವಿನ ಮೇಲೆ ತಾನು ಕಾಲಿಡಲಿಲ್ಲ ಅಂತ ಕೊನೆಯ ಸಾಲಿನಲ್ಲಿ ಬರೆದಿದ್ದಾಳೆ.